ಅರಬ್ಬರ ನಾಡಿನಲ್ಲಿ ಮಂತ್ರಿಪದವಿ

ಕಳೆದ ಮಾವಿನ ಕಾಲದಲ್ಲಿ ನಮ್ಮ ಮುಳಬಾಗಿಲಿನ ಮನೆಗೆ ಒಂದು ಸುದ್ದಿಯು ಬಂದಿತು. ಶ್ರೀನಿವಾಸಪುರದಲ್ಲಿರುವ ನಮ್ಮ ಅಕ್ಕನ ಮಗನಿಗೆ ಅರಬ್ಬರ ದೇಶವೊಂದರಲ್ಲಿ ಮಂತ್ರಿಪದವಿಯು ದೊರೆತಿರುವುದೆಂದು ಅದರ ತಾತ್ಪರ್ಯ. ಮನೆಮಂದಿಗೆಲ್ಲ ಹಿಡಿಸಲಾರದಷ್ಟು ಸಂತೋಷವಾಯಿತು. ಬೀದಿಯವರು ಬಂದು ವಿಚಾರಿಸಿಕೊಂಡು ಹೋದರು. ಎರಡು ದಿನಗಳಾದ ಮೇಲೆ ಹುಡುಗನೇ ಒಂದು ಬುಟ್ಟಿ ರಸಪುರಿ ಹಣ್ಣುಗಳೊಡನೆ ಬಂದಿಳಿದಾಗ ನಿಜವು ತಿಳಿಯಿತು. ಅವನು ಹಲವು ವರ್ಷಗಳಿಂದ ಆ ಕಡೆಯಲ್ಲಿ ನೀರು ಸರಬರಾಜಿನ ಇಂಜಿನಿಯರನಾಗಿರುವನು. ಅಲ್ಲಿಯ ಸರ್ಕಾರದ ಒಂದು ಇಲಾಖೆಯವರು ಅವನನ್ನು ಸಲಹೆಗಾರನನ್ನಾಗಿ ಮಾಡಿಕೊಳ್ಳುವ ಮಾತನ್ನು ಆಡಿದ್ದರು, ಅಷ್ಟೆ. ಶ್ರೀನಿವಾಸಪುರದಲ್ಲಿ ಸಲಹೆಗಾರನಾಗಿದ್ದವನು ಸುದ್ದಿಯ ಬಾಯಲ್ಲಿ ಕೋಲಾರವನ್ನು ಮುಟ್ಟುವ ವೇಳೆಗೆ ದೊಡ್ಡ ಅಧಿಕಾರಿಯಾಗಿ, ಮಾಲೂರಿನ ಬಂಧುಗಳ ಮನೆಯಲ್ಲಿ ಕಾರ್ಯದರ್ಶಿಯಾಗಿ, ಮುಳಬಾಗಿಲಿನ ನಮ್ಮ ಜಗಲಿಯನ್ನು ಹತ್ತುವಾಗ ಮಂತ್ರಿಯೇ ಆಗಿಬಿಟ್ಟಿದ್ದನು!

ಎಲ್ಲರೂ ನಕ್ಕರು. ಆದರೆ ನಗೆಯು ಮುಗಿದ ಮೇಲೆ ಪ್ರಶ್ನೆಯು ಉಳಿಯಿತು. "ಅದು ಸಲಹೆಗಾರನ ಕೆಲಸವೇ ಇರಲಿ. ನಿಜವಾಗಿಯೂ ಮಂತ್ರಿಪದವಿಯನ್ನೇ ಕೊಟ್ಟರೆ ಒಪ್ಪಿಕೊಳ್ಳುವೆಯೇನೊ?" ಎಂದು ನಾನು ಕೇಳಿದೆನು. "ಏಕೆ ಒಪ್ಪಬಾರದು, ಮಾವ?" ಎಂದು ಅವನು. ಅಷ್ಟರಲ್ಲಿ ಒಳಗೆ ಹಣ್ಣನ್ನು ಹೆಚ್ಚುತ್ತಿದ್ದ ನಮ್ಮ ತಾಯಿಯವರು ಅಲ್ಲಿಂದಲೇ, "ನೀನು ಹಾಕಿಸಿದ ನಲ್ಲಿಯ ನೀರನ್ನು ನಿನ್ನ ಮಕ್ಕಳು ಕುಡಿಯುವರೇನಪ್ಪ?" ಎಂದರು. ಹುಡುಗನು ಉತ್ತರ ಕೊಡಲಿಲ್ಲ. ಆ ರಾತ್ರಿ ಬಹಳ ಹೊತ್ತು ಈ ವಿಷಯವಾಗಿಯೇ ಮಾತು ನಡೆಯಿತು. ಇಂದು ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಸಮುದ್ರದಾಚೆ ಇರುವುದರಿಂದ ಆ ಮಾತಿನ ಸಾರವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು.

ಮೊದಲು ಕಾನೂನಿನ ಮಾತು. ಕುವೈತಿನ 1962ರ ಸಂವಿಧಾನದಂತೆ ಮಂತ್ರಿಯಾಗುವವನು ಮೂಲತಃ ಆ ದೇಶದವನೇ ಆಗಿರಬೇಕು. ಮೂವತ್ತು ವರ್ಷ ತುಂಬಿರಬೇಕು. ಅರಬ್ಬೀ ಭಾಷೆಯನ್ನು ಚೆನ್ನಾಗಿ ಓದಿ ಬರೆಯಲು ಬಲ್ಲವನಾಗಿರಬೇಕು. ಅರಬ್ ಸಂಯುಕ್ತ ಸಂಸ್ಥಾನಗಳ 1971ರ ಸಂವಿಧಾನವು ಮಂತ್ರಿಗಳನ್ನು ಸಾಮರ್ಥ್ಯ ಮತ್ತು ಅನುಭವಗಳಿಗೆ ಹೆಸರಾದ ಸ್ವದೇಶದ ಪ್ರಜೆಗಳಿಂದಲೇ ಆರಿಸಬೇಕೆಂದು ಹೇಳುತ್ತದೆ. ಆದುದರಿಂದ ಇಂದು ಹೊರಗಿನವನಿಗೆ ಇಂತಹ ರಾಜ್ಯಗಳಲ್ಲಿ ದೊರೆಯಬಹುದಾದುದು ಮಂತ್ರಿಯ ಪೀಠವಲ್ಲ, ಅದರ ಪಕ್ಕದ ಸಲಹೆಗಾರನ ಕುರ್ಚಿ. ನಮ್ಮ ಕಡೆಯ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತ ಸಂವಿಧಾನದ 18ನೆಯ ವಿಧಿಯ ಪ್ರಕಾರ ಇಲ್ಲಿ ಸರ್ಕಾರದ ಅಧಿಕಾರಸ್ಥಾನದಲ್ಲಿರುವವನು ರಾಷ್ಟ್ರಪತಿಗಳ ಸಮ್ಮತಿಯಿಲ್ಲದೆ ಪರರಾಜ್ಯದಿಂದ ಕಾಣಿಕೆಯನ್ನಾಗಲಿ, ವೇತನವನ್ನಾಗಲಿ, ಅಧಿಕಾರವನ್ನಾಗಲಿ ಸ್ವೀಕರಿಸುವಂತಿಲ್ಲ. ಖಾಸಗಿ ಮನುಷ್ಯನಿಗೆ ಆ ತಡೆಯಿಲ್ಲ. ಆದರೆ ಅವನು ತಾನಾಗಿ ಪರದೇಶದ ಪೌರತ್ವವನ್ನು ಪಡೆದನೆಂದರೆ 1955ರ ಪೌರತ್ವ ಕಾಯಿದೆಯಂತೆ ಭಾರತದ ಪೌರತ್ವವು ಆ ಕ್ಷಣಕ್ಕೆ ಕಳೆದುಹೋಗುವುದು. ಅಂದರೆ ಮಂತ್ರಿಪದವಿಗಾಗಿ ನಾಡನ್ನು ಬದಲಿಸುವವನು ಅಂಗಿಯನ್ನು ಬದಲಿಸಿದಂತೆ ಬದಲಿಸಲಾರನು. ಒಂದು ಮನೆಯ ಬಾಗಿಲನ್ನು ಹಾಕಿಕೊಂಡ ಮೇಲೆಯೇ ಇನ್ನೊಂದು ಮನೆಯ ಬಾಗಿಲು ತೆರೆಯುವುದು.

ಹಿಂದೆ ಹೀಗಿರಲಿಲ್ಲ. ಅರಬ್ಬೀ ಸಮುದ್ರದ ಎರಡು ದಡಗಳಿಗೂ ಬಳಕೆಯು ಹಳೆಯದು. ಟಿಪ್ಪು ಸುಲ್ತಾನನ ಕಾಲದಲ್ಲಿ ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯೊಂದಿತ್ತು. ನಮ್ಮ ಗಂಧದ ಮರವೂ ಮೆಣಸೂ ಅಕ್ಕಿಯೂ ಅಲ್ಲಿಗೆ ಹೋಗುತ್ತಿದ್ದುವು. ಕಚ್ಛ ದೇಶದ ಭಾಟಿಯಾ ವರ್ತಕರು ಅದಕ್ಕಿಂತಲೂ ಆಳವಾಗಿ ಬೇರುಬಿಟ್ಟವರು. ಸಯ್ಯಿದ್ ಸಯೀದನೆಂಬ ಸುಲ್ತಾನನು ಮಸ್ಕತ್ತನ್ನೂ ಜಾಂಜಿಬಾರನ್ನೂ ಒಟ್ಟಿಗೆ ಆಳುತ್ತಿದ್ದಾಗ ಜಾಂಜಿಬಾರಿನ ಸುಂಕದ ಗುತ್ತಿಗೆಯು ಜೈರಾಮ ಶಿವಜಿಯೆಂಬ ಭಾಟಿಯಾ ವರ್ತಕನ ಕೈಯಲ್ಲಿತ್ತು. ಬಂದರಿನ ಸುಂಕವೇ ರಾಜ್ಯದ ಮುಖ್ಯ ಆದಾಯವಾಗಿದ್ದ ಆ ಕಾಲದಲ್ಲಿ ಅವನಿಗೆ ಮಂತ್ರಿಯೆಂಬ ಹೆಸರಿಲ್ಲದಿದ್ದರೂ ಬೊಕ್ಕಸದ ಬೀಗದ ಕೈಯು ಅವನ ಸೊಂಟದಲ್ಲಿಯೇ ಇತ್ತೆನ್ನಬಹುದು. ಮತವು ಬೇರೆಯಾದ ಮಾತ್ರದಿಂದ ನಂಬಿಕೆಯು ಹುಟ್ಟದೆಂಬುದು ಸುಳ್ಳೆನ್ನುವುದಕ್ಕೆ ಇದೊಂದು ಸಾಕ್ಷಿ.

ಹೊರಗಿನಿಂದ ಬಂದು ನಿಜವಾಗಿಯೇ ಮಂತ್ರಿಗಳಾದವರೂ ಉಂಟು. ಸ್ಮಿರ್ನಾ ಪಟ್ಟಣದಲ್ಲಿ ಹುಟ್ಟಿದ ಆರ್ಮೇನಿಯನ್ ಕ್ರೈಸ್ತನಾದ ನೂಬಾರ್ ಪಾಷನು ಬಾಲ್ಯ ಕಳೆಯುತ್ತಲೇ ಈಜಿಪ್ಟಿಗೆ ಬಂದು, ಅಲ್ಲಿಯೇ ಬಾಳಿ, 1878ರಲ್ಲಿ ಆ ದೇಶದ ಮೊದಲನೆಯ ಪ್ರಧಾನಮಂತ್ರಿಯಾದನು. ಇರಾಕಿನಲ್ಲಿ ಹಣಕಾಸಿನ ಮೊದಲ ಮಂತ್ರಿಯಾದ ಸಾಸೂನ್ ಎಸ್ಕೆಲನು ಯೆಹೂದ್ಯನು. ಆದರೆ ಹೊರಗಿನವನಲ್ಲ, ಬಾಗ್ದಾದಿನ ಮಗನೇ. ಎಣ್ಣೆಯ ಕಂಪೆನಿಯೊಡನೆ 1925ರಲ್ಲಿ ಒಪ್ಪಂದವಾಗುವಾಗ ರಾಜ್ಯಕ್ಕೆ ಸಲ್ಲಬೇಕಾದ ಹಣವನ್ನು ಚಿನ್ನದ ಲೆಕ್ಕದಲ್ಲಿಯೇ ಕೊಡಬೇಕೆಂದು ಹಟ ಹಿಡಿದು ಅವನು ಗೆದ್ದನು. ಮುಂದೆ ಕಾಗದದ ಹಣದ ಬೆಲೆಯು ಇಳಿದಾಗ ಈ ಹಟದಿಂದ ಇರಾಕಿಗೆ ದೊಡ್ಡ ಲಾಭವಾಯಿತು. ತನ್ನ ಮೊಮ್ಮಕ್ಕಳ ಕಾಲವನ್ನು ನೆನೆದು ಮಾಡುವ ಕೆಲಸವು ಹೀಗಿರುತ್ತದೆ.

ಇದರ ಪಕ್ಕದಲ್ಲಿ ಇಬ್ಬರು ಆಂಗ್ಲೇಯರನ್ನು ನಿಲ್ಲಿಸಿ ನೋಡಬೇಕು. ಬರ್ಟ್ರಮ್ ಥಾಮಸ್ ಎಂಬಾತನು 1925ರಲ್ಲಿ ಮಸ್ಕತ್ತಿನ ಸುಲ್ತಾನನಿಗೆ ಹಣಕಾಸಿನ ವಜೀರನಾಗಿ ನಿಯಮಿತನಾದನು. ರಾಜ್ಯವು ಸಾಲದಲ್ಲಿ ಮುಳುಗಿತ್ತು. ಅದನ್ನು ಎತ್ತುವುದು ಅವನ ಕರ್ತವ್ಯ. ಆದರೆ ಅವನ ಮನಸ್ಸು ಲೆಕ್ಕದ ಪುಸ್ತಕಗಳಿಗಿಂತ ಹೆಚ್ಚಾಗಿ ಯೂರೋಪಿಯನರಾರೂ ದಾಟದಿದ್ದ ರುಬ್ ಅಲ್ ಖಾಲಿಯೆಂಬ ಮಹಾಮರುಭೂಮಿಯ ಮೇಲಿತ್ತು. 1930ರ ಕೊನೆಯಲ್ಲಿ ಹೊರಟು 1931ರಲ್ಲಿ ಅದನ್ನು ದಾಟಿದನು. ಲೋಕವು ಇಂದು ಅವನನ್ನು ಸ್ಮರಿಸುವುದು ಮರುಭೂಮಿಯನ್ನು ದಾಟಿದವನೆಂದು. ಮಸ್ಕತ್ತಿನ ಬೊಕ್ಕಸವನ್ನು ತುಂಬಿದವನೆಂದು ಸ್ಮರಿಸುವವರಿಲ್ಲ. ಇನ್ನೊಬ್ಬನು ಚಾರ್ಲ್ಸ್ ಬೆಲ್‌ಗ್ರೇವ್. ಪೂರ್ವದೇಶದ ಒಂದು ಸಂಸ್ಥಾನಕ್ಕೆ ತರುಣನೊಬ್ಬನು ಬೇಕಾಗಿದ್ದಾನೆಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ 1925ರಲ್ಲಿ ಬಂದ ಜಾಹೀರಾತನ್ನು ಕಂಡು ಅರ್ಜಿ ಹಾಕಿದವನು ಇವನು. 1926ರಿಂದ 1957ರವರೆಗೆ ಬಹ್ರೇನಿನಲ್ಲಿ ದೊರೆಯ ಸಲಹೆಗಾರನಾಗಿದ್ದನು. ಆಡಳಿತಕ್ಕೆ ಕಟ್ಟುನಿಟ್ಟು ತಂದನು. ಅವನ ಕಾಲದಲ್ಲಿ ಪಾಠಶಾಲೆಗಳೂ ಆಸ್ಪತ್ರೆಯೂ ಬೆಳೆದುವು. ಆದರೂ 1950ರ ಈಚೆಗೆ ಅಲ್ಲಿಯ ಜನರಲ್ಲಿ ಸ್ವಾತಂತ್ರ್ಯದ ಭಾವನೆಯು ಎದ್ದಾಗ ಅವರು ಮೊದಲು ಕೇಳಿದ ಸಂಗತಿಗಳಲ್ಲಿ ಒಂದು ಈ ಸಲಹೆಗಾರನನ್ನು ಕಳುಹಿಸಿಬಿಡಿ ಎಂಬುದು. ಮೂವತ್ತು ವರ್ಷ ದುಡಿದರೂ ಆತನು ಅವರಿಗೆ ಹೊರಗಿನವನಾಗಿಯೇ ಉಳಿದಿದ್ದನು.

"ಹೊರಗಿನವನು ಎಂಬ ಕಾರಣದಿಂದಲೇ ಕೆಲಸವು ಕೆಟ್ಟದೆನ್ನುವುದು ನ್ಯಾಯವೇ, ಮಾವ?" ಎಂದು ನಮ್ಮ ಹುಡುಗನು ಕೇಳಿದನು. ನ್ಯಾಯವಲ್ಲ. ಅದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಮೈಸೂರಿನ ಚರಿತ್ರೆಯೇ ಸಾಕು. 1883ರಿಂದ 1901ರವರೆಗೆ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಮಲಯಾಳ ಸೀಮೆಯ ಪಾಲಕ್ಕಾಡಿನ ಕಡೆಯವರು. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ವಿದ್ಯುಚ್ಛಕ್ತಿಯು ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಹರಿದು ಬಂದಿತಷ್ಟೆ. ಆ ಯೋಜನೆಯನ್ನು ಕೈಗೆತ್ತಿಕೊಂಡು ನಡೆಸಿದವರು ಅವರೇ. ದೀಪವು ಹತ್ತಿದುದನ್ನು ನೋಡಲು ಅವರು ಬದುಕಿರಲಿಲ್ಲ. ಇಷ್ಟಾದರೂ, ದೊಡ್ಡ ಪದವಿಗಳೆಲ್ಲ ಮದರಾಸಿನ ಕಡೆಯಿಂದ ಬಂದವರ ಪಾಲಾಗುತ್ತಿವೆಯೆಂದು ಮೈಸೂರಿನ ವಿದ್ಯಾವಂತರು ಆ ಕಾಲದಲ್ಲಿ ನೊಂದುಕೊಂಡುದೂ ನಿಜ. ಕೆಲಸವು ಉತ್ತಮವಾಗಿತ್ತು, ನೋವೂ ಸಕಾರಣವಾಗಿತ್ತು. ನಾವು ಉಂಡ ಈ ನೋವನ್ನು ಮತ್ತೊಂದು ನಾಡಿನ ತರುಣರಿಗೆ ಉಣಿಸುವ ಮೊದಲು ಒಂದು ಗಳಿಗೆ ಯೋಚಿಸುವುದು ಒಳ್ಳೆಯದು.

ಮಿರ್ಜಾ ಇಸ್ಮಾಯಿಲ್ ಸಾಹೇಬರ ಮಾತು ಬೇರೆ. ಅವರ ಅಜ್ಜ ಅಲಿ ಆಸ್ಕರರು ಪಾರಸಿಕ ದೇಶದ ಷಿರಾಜ್ ಪಟ್ಟಣದಿಂದ ಕುದುರೆಗಳ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ನೆಲೆಸಿದವರು. ಮೊಮ್ಮಗನು ಇಲ್ಲಿಯೇ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಓದಿ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾದರು. ಅನಂತರ ಜಯಪುರದಲ್ಲಿಯೂ ಹೈದರಾಬಾದಿನಲ್ಲಿಯೂ ಪ್ರಧಾನರಾದರು. ಹೈದರಾಬಾದಿನಲ್ಲಿ ಒಂದು ವರ್ಷವೂ ನಿಲ್ಲಲಾಗಲಿಲ್ಲ. ಮೈಸೂರಿನಲ್ಲಿ ಹದಿನೈದು ವರ್ಷ ನಡೆದ ಕೈ ಅಲ್ಲಿ ನಡೆಯದಿದ್ದುದಕ್ಕೆ ಕಾರಣವು ಕೈಯಲ್ಲಿಲ್ಲ, ನೆಲದಲ್ಲಿದೆ. ಮಂತ್ರಿಯ ಬಲವು ಅವನ ಬುದ್ಧಿಯಲ್ಲಿ ಅರ್ಧ. ಉಳಿದರ್ಧವು ಅವನನ್ನು ತಮ್ಮವನೆಂದು ತಿಳಿಯುವ ದೊರೆ ಮತ್ತು ಜನರಲ್ಲಿ.

ಅನ್ಯಮತದ ಪ್ರಭುವಿಗೆ ನಿಷ್ಠೆಯಿಂದ ನಡೆದುಕೊಂಡ ಮಂತ್ರಿಯ ಕತೆಯನ್ನು ಕೇಳಬೇಕೆಂದರೆ ಕೋಲಾರದ ಪೇಟೆಯನ್ನು ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ಹೈದರಾಲಿಯು ಹುಟ್ಟಿದುದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆಯ ಗೋರಿಯು ಕೋಲಾರದಲ್ಲಿದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ ಮಗನಾದ ಟಿಪ್ಪುವು ದೂರದ ಮಲಬಾರಿನಲ್ಲಿದ್ದನು. ಸಾವಿನ ಸುದ್ದಿಯು ಹಬ್ಬಿದರೆ ಸೈನ್ಯವು ಒಡೆಯುವ ಭಯವಿತ್ತು. ಪೂರ್ಣಯ್ಯ, ಕೃಷ್ಣರಾವ್ ಎಂಬ ಇಬ್ಬರು ಬ್ರಾಹ್ಮಣ ಅಧಿಕಾರಿಗಳು ಆ ಗುಟ್ಟನ್ನು ಕಾಪಾಡಿದರು. ಕಳೇಬರವನ್ನು ಪೆಟ್ಟಿಗೆಯಲ್ಲಿಟ್ಟು, ಬೊಕ್ಕಸದ ಪೆಟ್ಟಿಗೆಯೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಲಾಯಿತು. ಅಲ್ಲಿ ತಂದೆಯ ಮಗ್ಗುಲಲ್ಲಿ ಇರಿಸಿದ್ದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಟಿಪ್ಪುವು ಬಂದು ಸೇರುವವರೆಗೆ ಸೈನ್ಯವು ಅಲುಗಲಿಲ್ಲ. ಆ ದಿನಗಳಲ್ಲಿ ಈ ಮಂತ್ರಿಗಳು ಮನಸ್ಸು ಮಾಡಿದ್ದರೆ ರಾಜ್ಯವನ್ನು ಮಾರಬಹುದಾಗಿತ್ತು. ಆದರೆ ಇದೇ ಪೂರ್ಣಯ್ಯನವರು 1799ರ ಅನಂತರ ಒಡೆಯರ ರಾಜ್ಯಕ್ಕೆ ದಿವಾನರಾದಾಗ, ಟಿಪ್ಪುವನ್ನು ಸೋಲಿಸಿದವರೊಡನೆಯೇ ಕೂಡಿ ಕೆಲಸ ಮಾಡಬೇಕಾಯಿತು. ಅವರನ್ನು ಹೊಗಳುವವರೂ ಉಂಟು, ಆಕ್ಷೇಪಿಸುವವರೂ ಉಂಟು. ನಮಗೆ ತೋರುವುದೇನೆಂದರೆ, ಪೂರ್ಣಯ್ಯನವರು ಪ್ರಭುಗಳನ್ನು ಬದಲಿಸಿದರೂ ಪ್ರಜೆಗಳನ್ನು ಬದಲಿಸಲಿಲ್ಲ. ಮೂವರು ಪ್ರಭುಗಳ ಕೆಳಗೂ ಅವರು ನೋಡಿಕೊಂಡ ಕೆರೆಕಟ್ಟೆ, ಕಂದಾಯ, ರೈತರು ಒಂದೇ ನಾಡಿನವರು.

ನಮ್ಮ ಹುಡುಗನಿಗೆ ತೀರ ಹತ್ತಿರವಾದ ಉದಾಹರಣೆಯು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು. ಅವರು ಹುಟ್ಟಿದ ಮುದ್ದೇನಹಳ್ಳಿಯು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ 2007ರವರೆಗೆ ಕೋಲಾರ ಜಿಲ್ಲೆಯದೇ ಆಗಿತ್ತು. 1906ರಲ್ಲಿ ಅವರನ್ನು ಅರಬ್ಬರ ನೆಲವಾದ ಏಡನ್ನಿಗೆ ಕರೆಸಿಕೊಂಡರು. ಆಗ ಏಡನ್ ಪಟ್ಟಣವು ಮುಂಬಯಿ ಸರ್ಕಾರದ ಆಡಳಿತಕ್ಕೆ ಒಳಪಟ್ಟಿತ್ತು. ಮಳೆಯಿಲ್ಲದ, ಬೆಂಕಿಯಂತಹ ಆ ಊರಿಗೆ ಕುಡಿಯುವ ನೀರನ್ನು ತರುವ ಹಾಗೂ ಕೊಳೆನೀರನ್ನು ಸಾಗಿಸುವ ಉಪಾಯವನ್ನು ಅವರು ಅಲ್ಲಿ ತಿರುಗಾಡಿ ಪರಿಶೀಲಿಸಿ, ಯೋಜನೆಯನ್ನು ಬರೆದುಕೊಟ್ಟು ಹಿಂದಿರುಗಿದರು. ಅಲ್ಲಿ ನೆಲೆಸಲಿಲ್ಲ. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ನೊಂದಾಗ ಅಲ್ಲಿಗೂ ಹೋಗಿ ಅದೇ ರೀತಿ ಸಲಹೆ ಕೊಟ್ಟರು. ಮೈಸೂರು ಕರೆದಾಗ 1909ರಲ್ಲಿ ಮುಖ್ಯ ಇಂಜಿನಿಯರರಾಗಿ ಬಂದು, 1912ರಲ್ಲಿ ದಿವಾನರಾದರು. ಪರರ ಊರಿನಲ್ಲಿ ವಿದ್ಯೆಯನ್ನು ಕೊಟ್ಟರು. ಮಂತ್ರಿತ್ವವನ್ನು ತಮ್ಮ ನಾಡಿನಲ್ಲಿ ಮಾಡಿದರು. ಆ ಪದವಿಯನ್ನೂ 1918ರಲ್ಲಿ ಬಿಟ್ಟುಕೊಟ್ಟರು.

ಬಿಡುವ ಮಾತು ಬಂದುದರಿಂದ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೂ ನೆನೆಯಬೇಕು. ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಗಳಾಗಿದ್ದ ಅವರು, ಮಂತ್ರಿಸಮಾನವಾದ ಪದವಿಗೆ ತಮಗಿಂತ ಕಿರಿಯರೊಬ್ಬರನ್ನು ಏರಿಸಿದಾಗ, ಜಗಳವಾಡದೆ ಅವಧಿಗೆ ಮೊದಲೇ ಕೆಲಸವನ್ನು ಬಿಟ್ಟು ಮನೆಗೆ ಬಂದರು. ಪದವಿಯು ಹೋಯಿತು, ಕನ್ನಡಕ್ಕೆ ಕತೆಗಾರರು ಪೂರ್ತಿಯಾಗಿ ದೊರೆತರು. ಮುಂದೆ ಅವರಿಗೆ ಜ್ಞಾನಪೀಠವನ್ನು ತಂದುಕೊಟ್ಟ 'ಚಿಕವೀರ ರಾಜೇಂದ್ರ'ವು, ಕೊಡಗಿನ ಅರಸನೂ ಅವನ ಮಂತ್ರಿಗಳೂ ಸಿಕ್ಕಿಬಿದ್ದ ಸಂಕಟದ ಕತೆಯೇ ಆಗಿರುವುದು ಗಮನಿಸಬೇಕಾದ ವಿಷಯ. ದೊರೆಯು ತಪ್ಪಿ ನಡೆದಾಗ ಮಂತ್ರಿಯು ಯಾರಿಗೆ ಸೇರಿದವನು, ಸಿಂಹಾಸನಕ್ಕೋ ಪ್ರಜೆಗಳಿಗೋ ಎಂಬ ಪ್ರಶ್ನೆಯು ಅದರಲ್ಲಿದೆ.

ನಮ್ಮ ಪ್ರಶ್ನೆಯ ಗಂಟು ಇರುವುದೂ ಇಲ್ಲಿಯೇ. ನಮ್ಮ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು 1947ರ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದುದು ಸುಮ್ಮನೆ ಅಲ್ಲ. ಮಂತ್ರಿಗಳು ಅರಮನೆಗೆ ಮಾತ್ರವಲ್ಲದೆ ಜನರಿಗೆ ಉತ್ತರ ಹೇಳುವವರಾಗಬೇಕೆಂದು ಸಾವಿರಾರು ಜನರು ಸೆರೆಮನೆಗೆ ಹೋದ ಮೇಲೆ ಆ ದಿನ ಬಂದಿತು. ಅರಬ್ ಕೊಲ್ಲಿಯ ರಾಜ್ಯಗಳಲ್ಲಿ ಇಂದಿಗೂ ಮಂತ್ರಿಗಳನ್ನು ನೇಮಿಸುವುದೂ ತೆಗೆಯುವುದೂ ದೊರೆಗಳ ಅಧೀನ. ಆ ಪೈಕಿ ಬಲವಾದ ಶಾಸನಸಭೆಯೆಂದು ಹೆಸರಾಗಿದ್ದ ಕುವೈತಿನ ಸಭೆಯನ್ನೂ 2024ರಲ್ಲಿ ಅಮೀರರು ವಿಸರ್ಜಿಸಿದರು. ಅದು ಅವರವರ ದೇಶದ ರೀತಿ. ನಾವು ತೀರ್ಪು ಹೇಳತಕ್ಕವರಲ್ಲ. ಆದರೆ ಅಲ್ಲಿಗೆ ಮಂತ್ರಿಯಾಗಿ ಹೋಗುವ ಹೊರಗಿನವನಿಗೆ ಕೆಳಗಡೆ ಜನರ ಆಸರೆಯಿಲ್ಲ, ಮೇಲಗಡೆ ಒಬ್ಬರ ಪ್ರಸನ್ನತೆ ಮಾತ್ರ. ಅವನು ಒಳ್ಳೆಯ ಮಾತನ್ನು ಹೇಳುವ ಧೈರ್ಯವನ್ನು ಎಲ್ಲಿಂದ ತರುವನು? ತಪ್ಪು ಮಾಡಿದರೆ ವಿಮಾನವನ್ನು ಹತ್ತಿ ಬಂದುಬಿಡಬಹುದು. ತಪ್ಪಿನ ಫಲವನ್ನು ಅಲ್ಲಿಯವರೇ ಉಣ್ಣಬೇಕು. ನಮ್ಮ ತಾಯಿಯವರು ಹಣ್ಣನ್ನು ಹೆಚ್ಚುತ್ತ ಕೇಳಿದುದು ಇದನ್ನೇ.

ಹಾಗೆಂದು ಹೊರಗೆ ಹೋಗಿ ದುಡಿಯುವುದನ್ನು ನಾವು ನಿಂದಿಸುವುದಿಲ್ಲ. ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಮಳೆ ತಪ್ಪಿದರೆ ಹೊಲ ಬರಿದು, ಕೊಳವೆ ಬಾವಿಗಳು ಆಳಕ್ಕೆ ಇಳಿದಷ್ಟೂ ಫ್ಲೋರೈಡು. ಹೊರಗಿನಿಂದ ಬಂದ ಹಣದಿಂದ ಎಷ್ಟೋ ಮನೆಗಳ ಮದುವೆ, ಓದು, ಔಷಧಗಳು ನಡೆದಿವೆ. ಕೂಲಿಯಾಗಲಿ ಇಂಜಿನಿಯರನ ಕೆಲಸವಾಗಲಿ, ಶ್ರಮವನ್ನು ಕೊಟ್ಟು ಸಂಬಳವನ್ನು ಪಡೆದರೆ ಲೆಕ್ಕವು ಆ ತಿಂಗಳಿಗೆ ಚುಕ್ತಾ. ಮಂತ್ರಿತ್ವದ ಲೆಕ್ಕವು ಹಾಗೆ ಚುಕ್ತಾ ಆಗುವುದಿಲ್ಲ. ಅದು ಮಕ್ಕಳು ಮೊಮ್ಮಕ್ಕಳವರೆಗೆ ಸಾಗುವ ಸಾಲ. ಅದನ್ನು ಹೊರಲು ಆ ನೆಲದಲ್ಲಿಯೇ ಬಾಳಿ ಅಲ್ಲಿಯೇ ಮಣ್ಣಾಗುವ ಸಂಕಲ್ಪವು ಬೇಕು. ನೂಬಾರ್ ಪಾಷನಂತೆ ಹಾಗೆ ಸಂಕಲ್ಪಿಸಿಕೊಂಡವನು ಒಪ್ಪಲಿ, ಅವನು ಹೊರಗಿನವನಲ್ಲ. ಒಂದು ಕಾಲನ್ನು ಅಲ್ಲಿ, ಒಂದು ಕಾಲನ್ನು ಇಲ್ಲಿ ಇಟ್ಟುಕೊಂಡವನು ಸಲಹೆಗಾರನ ಕುರ್ಚಿಗೇ ತೃಪ್ತನಾಗುವುದು ಲೇಸು.

ಹುಡುಗನು ನಮ್ಮಲ್ಲಿ ನಾಲ್ಕು ದಿನ ಇದ್ದನು. ಹೊರಡುವ ಹಿಂದಿನ ದಿನ ನನ್ನನ್ನು ಕರೆದುಕೊಂಡು ಕೆರೆಯ ಏರಿಯ ಮೇಲೆ ತಿರುಗಾಡಲು ಹೋದನು. 2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿರುವುದನ್ನು ವಾಚಕರು ಬಲ್ಲರು. ಅದು ಕುಡಿಯುವುದಕ್ಕಲ್ಲ, ಅಂತರ್ಜಲವು ಏರಲೆಂದು. ನೀರು ಬಂದುದಕ್ಕೆ ಸಂತೋಷಿಸುವವರೂ, ಅದರ ಶುದ್ಧಿಯ ವಿಷಯವಾಗಿ ಸಂದೇಹಪಡುವವರೂ ನಮ್ಮಲ್ಲಿದ್ದಾರೆ. "ಇನ್ನೂ ಚೆನ್ನಾಗಿ ಶುದ್ಧಿಮಾಡಬಹುದು, ಮಾವ. ಅಲ್ಲಿ ನಾವು ಸಮುದ್ರದ ಉಪ್ಪುನೀರನ್ನೇ ಕುಡಿಯುವಂತೆ ಮಾಡುತ್ತೇವೆ" ಎಂದನು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದನು: "ಸಲಹೆಗಾರನ ಕೆಲಸವನ್ನು ಎರಡು ವರ್ಷಗಳ ಮಟ್ಟಿಗೆ ಮಾತ್ರ ಒಪ್ಪಿಕೊಳ್ಳುತ್ತೇನೆ. ನನ್ನ ಕೈಕೆಳಗೆ ಅಲ್ಲಿಯ ಹುಡುಗರನ್ನೇ ಹಾಕಿಕೊಡಬೇಕೆಂದು ಕೇಳುತ್ತೇನೆ. ಅವರು ಕಲಿತ ದಿನ ನನಗೆ ಅಲ್ಲಿ ಕೆಲಸವಿರಬಾರದು. ಆಮೇಲೆ ಬಂದುಬಿಡುತ್ತೇನೆ."

ಮನೆಗೆ ಬಂದು ಇದನ್ನು ನಮ್ಮ ತಾಯಿಯವರಿಗೆ ತಿಳಿಸಿದೆನು. ಅವರು ಹೆಚ್ಚು ಮಾತನಾಡಲಿಲ್ಲ. ಬುಟ್ಟಿಯಲ್ಲಿ ಉಳಿದಿದ್ದ ಹಣ್ಣುಗಳಲ್ಲಿ ಚೆನ್ನಾದ ಎರಡನ್ನು ಆರಿಸಿ ಅವನ ಚೀಲದಲ್ಲಿ ಇಡುತ್ತ, "ಎರಡು ವರ್ಷವೆಂದರೆ ಎರಡು ವರ್ಷ, ನೋಡಪ್ಪ. ನಾನು ಲೆಕ್ಕ ಇಟ್ಟುಕೊಂಡಿರುತ್ತೇನೆ" ಎಂದರು.